ಕುದುರೆಗೆ ತಣ್ಣನೆ ಬರೆ ಹಾಕುವುದು ಹೇಗೆ?

ಅಮೆರಿಕದ ಕೊಲರಾಡೊದಲ್ಲಿ ಕುದುರೆ ಸಾಕುವವರು ಬರೆ ಹಾಕುವ ಮೊದಲು ಗುರುತನ್ನು ರಾಜ್ಯದ ಬ್ರ್ಯಾಂಡ್ ಬೋರ್ಡ್‌ನಲ್ಲಿ (ಜಾನುವಾರುಗಳ ಬರೆ ಗುರುತು ದಾಖಲಿಸುವ ಕಚೇರಿ) ನೋಂದಾಯಿಸಬೇಕು. ಆಕಾರದ ಜೊತೆ ಜಾಗವೂ ದಾಖಲಾಗುತ್ತದೆ. ಎಡ ತೊಡೆ ಎಂದು ಬರೆಸಿ ಭುಜಕ್ಕೆ ಹಾಕಿದರೆ ಅದು ನಿಮ್ಮ ಗುರುತೇ ಅಲ್ಲ! 5 ವರ್ಷಕ್ಕೊಮ್ಮೆ ನವೀಕರಿಸಲು ಮರೆಯಬೇಡಿ.

ಕಾದ ಕಬ್ಬಿಣ ಚರ್ಮವನ್ನು ಸುಡುತ್ತದೆ. ತಣ್ಣನೆ ಬರೆ, ಅಂದರೆ ಅತಿ ತಣ್ಣಗಾದ ಲೋಹದ ಅಚ್ಚನ್ನು ಒತ್ತುವುದು, ಕೂದಲಿಗೆ ಬಣ್ಣ ಕೊಡುವ ಜೀವಕೋಶಗಳನ್ನಷ್ಟೇ ಕೊಲ್ಲುತ್ತದೆ, ಆಮೇಲೆ ಅಲ್ಲಿ ಬಿಳಿ ಕೂದಲು ಬರುತ್ತದೆ. ನನ್ನ ಮಾತು ಕೇಳಿದರೆ ಇದನ್ನೇ ಹಾಕಿಸಿ, ಅದೂ ದ್ರವ ನೈಟ್ರೋಜನ್‌ನಲ್ಲಿ. ಅದು ಮೈನಸ್ 196 ಡಿಗ್ರಿ. ಡ್ರೈ ಐಸ್ (ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್) ಅಗ್ಗ, ಆದರೆ ಮೈನಸ್ 78 ಮಾತ್ರ. ಅಚ್ಚನ್ನು ಜಾಸ್ತಿ ಹೊತ್ತು ಒತ್ತಬೇಕು, ಅಷ್ಟರಲ್ಲಿ ಕುದುರೆ ಅಲುಗುತ್ತದೆ. ಅಚ್ಚು ತಾಮ್ರದ್ದೋ ಕಂಚಿನದ್ದೋ ಇರಲಿ.

ಕುದುರೆಯನ್ನು ಗಾಳಿಯಾಡುವ ಜಾಗದಲ್ಲಿ ಕಟ್ಟಿ. ಬೆದರುವ ಕುದುರೆಯಾದರೆ ಪಶುವೈದ್ಯರಿಂದ ಮಂಪರಿನ ಇಂಜೆಕ್ಷನ್ ಕೊಡಿಸಿ.

ಇನ್ನು ಎಲ್ಲರೂ ಎಡವುವ ಜಾಗ. ಕೂದಲನ್ನು ಚರ್ಮ ಕಾಣುವಷ್ಟು ಬೋಳಿಸಿ. ಸುಮ್ನೆ ಕತ್ತರಿಯಾಡಿಸಿದರೆ ಸಾಲದು, ಉಳಿದ ಕೂದಲು ಕಂಬಳಿಯ ಹಾಗೆ ಚಳಿ ತಡೆಯುತ್ತದೆ. ಆಮೇಲೆ 99% ಆಲ್ಕೋಹಾಲ್ ಧಾರಾಳವಾಗಿ ಸುರಿಯಿರಿ. ಔಷಧಿ ಅಂಗಡಿಯ 70% ಬಾಟಲಿ ಬೇಡವೇ ಬೇಡ. ಅದರ ನೀರು ಹೆಪ್ಪುಗಟ್ಟಿ ಅಚ್ಚಿಗೂ ಚರ್ಮಕ್ಕೂ ನಡುವೆ ಕೂರುತ್ತದೆ, ಗುರುತು ಮಸುಕಾಗುತ್ತದೆ. ಈ ಒಂದು ಉಳಿತಾಯದಿಂದ ಕೆಟ್ಟ ಬರೆಗಳನ್ನು ನಾನು ಎಷ್ಟೋ ನೋಡಿದ್ದೇನೆ. ಅಚ್ಚನ್ನು ಇಳಿಸಿದೊಡನೆ ನೈಟ್ರೋಜನ್ ಕೊತಕೊತ ಕುದಿಯುತ್ತದೆ. ಕುದಿತ ನಿಂತ ಮೇಲೇ ಹೊರತೆಗೆಯಿರಿ. ಆಲ್ಕೋಹಾಲ್ ಆರುವ ಮುನ್ನ ಒತ್ತಿ. ತೊಡೆ ದುಂಡಗಿರುತ್ತದೆ, ಹಾಗಾಗಿ ಅಚ್ಚನ್ನು ಜಾರಿಸದೆ ನಿಧಾನ ತೂಗುತ್ತಾ ಅಂಚೆಲ್ಲ ತಾಗುವಂತೆ ನೋಡಿ. ಕಪ್ಪು, ಕಂದು ಕುದುರೆಗೆ ಸುಮಾರು 10 ಸೆಕೆಂಡು ಸಾಕು. ಬಿಳಿ ಕುದುರೆಗೆ ಕೂದಲೇ ಹುಟ್ಟದಂತೆ ಇನ್ನಷ್ಟು ಹೊತ್ತು ಬೇಕು. ಗಡಿಯಾರ ಇನ್ನೊಬ್ಬರ ಕೈಯಲ್ಲಿರಲಿ.

ಅಚ್ಚು ತೆಗೆದಾಗ ಚರ್ಮ ತಗ್ಗಿ ಗಟ್ಟಿಯಾಗಿರುತ್ತದೆ. ಕೆಲವು ನಿಮಿಷದಲ್ಲಿ ಅದೇ ಗೆರೆ ಉಬ್ಬುತ್ತದೆ. ಗಾಬರಿಯಾಗಿ ಮುಲಾಮು ಹಚ್ಚಬೇಡಿ, ಉಜ್ಜಲೂಬೇಡಿ. ಹೊಟ್ಟು ತಾನಾಗಿ ಉದುರಿ, ಎರಡು ಮೂರು ತಿಂಗಳಲ್ಲಿ ಬಿಳಿ ಗುರುತು ಮೂಡುತ್ತದೆ. ಆಗ ಫೋಟೋ ತೆಗೆದು ಖರೀದಿ ಪತ್ರದ ಜೊತೆ ಇಡಿ.

ಕುದುರೆ ಮಾರುವಾಗ, ರಾಜ್ಯದಾಚೆ ಸಾಗಿಸುವಾಗ, ರಾಜ್ಯದೊಳಗೇ 75 ಮೈಲಿ ದಾಟುವಾಗ ಬ್ರ್ಯಾಂಡ್ ಬೋರ್ಡ್‌ನ ಇನ್‌ಸ್ಪೆಕ್ಟರ್ ಬಂದು ಗುರುತು ನೋಡುತ್ತಾರೆ. ಚಳಿಗಾಲದಲ್ಲಿ ಕೂದಲು ದಟ್ಟವಾಗಿ ಗುರುತು ಮುಚ್ಚಿಹೋಗುತ್ತದೆ. ಅವರು ಬರುವ ಹಿಂದಿನ ದಿನ ಅಲ್ಲಿಗೊಮ್ಮೆ ಕ್ಲಿಪ್ಪರ್ ಆಡಿಸಿಡಿ.