ಅನಿಮೋನ್ ತನ್ನ ಜಾಗ ತಾನೇ ಹುಡುಕಿಕೊಳ್ಳಲಿ

ಮನೆಯ ರೀಫ್ ಟ್ಯಾಂಕಿಗೆ, ಅಂದರೆ ಕಡಲಜೀವಿಗಳ ಉಪ್ಪುನೀರಿನ ಅಕ್ವೇರಿಯಂಗೆ, ಹೂವಿನಂತೆ ಕಾಣುವ ಅನಿಮೋನ್ ಎಂಬ ಕಡಲಪ್ರಾಣಿ ತರುವ ಆಸೆ ಇದ್ದರೆ ಬಬಲ್ ಟಿಪ್ ಎಂಬ ಜಾತಿಯಿಂದ ಶುರು ಮಾಡಿ. ನನ್ನ ಬೆಂಗಳೂರಿನ ಮನೆಯಲ್ಲಿರುವುದೂ ಅದೇ. ಮ್ಯಾಗ್ನಿಫಿಕಾ ಎಂಬ ಇನ್ನೊಂದು ಜಾತಿ ನೋಡಲು ಎಷ್ಟೇ ಚೆಂದ ಇದ್ದರೂ ಅದನ್ನು ಉಳಿಸಿಕೊಳ್ಳುವುದು ಬಹಳ ಕಷ್ಟ.

ಹೊಸ ಟ್ಯಾಂಕಿಗೆ ಬಿಡಬೇಡಿ. ಕಡಿಮೆ ಅಂದರೂ 6 ತಿಂಗಳು ಓಡಿರಬೇಕು. ನಮ್ಮ ಬೋರ್‌ವೆಲ್ ನೀರು ಗಡಸು, ಹಾಗಾಗಿ ನಾನು ಲವಣಗಳನ್ನೆಲ್ಲ ಸೋಸಿ ತೆಗೆದ ಆರ್‌ಒ ಡಿಐ ನೀರಿಗೇ ಉಪ್ಪು ಬೆರೆಸುತ್ತೇನೆ. ಸಾಂದ್ರತೆ 1.025, ಬಿಸಿ 25–26 ಡಿಗ್ರಿ. ಆವಿಯಾಗಿ ಹೋದಷ್ಟನ್ನು ದಿನಾ ಸಿಹಿನೀರಿನಿಂದಲೇ ತುಂಬುತ್ತೇನೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ ಅಲ್ವಾ?

ಅಂಗಡಿಯಲ್ಲಿ ಬಣ್ಣಕ್ಕಿಂತ ಮೊದಲು ಬಾಯಿ ನೋಡಿ. ಮುಚ್ಚಿಕೊಂಡಿರಬೇಕು. ಕಲ್ಲಿಗೆ ಅಂಟಿಕೊಳ್ಳುವ ಬುಡ, ಅಂದರೆ ಪಾದ, ಎಲ್ಲೂ ಹರಿದಿರಬಾರದು. ಬೆಳ್ಳಗೆ ಬಿಳಿಚಿಕೊಂಡದ್ದು ಬೇಡ. ಅದರ ಮೈಯೊಳಗಿನ ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಕೊಡುತ್ತದೆ. ಬಿಳಿಚಿದೆ ಅಂದರೆ ಆ ಪಾಚಿ ಹೋಗಿದೆ ಅಂತ.

ಬಿಡುವ ದಿನ ಪಂಪ್‌ಗಳನ್ನು ಆರಿಸಿ, ಆಳವಾದ ಬಿರುಕಿರುವ ಕಲ್ಲಿನ ಪಕ್ಕ ಇಡುತ್ತೇನೆ. ಅಲ್ಲಿಂದಾಚೆಗೆ ಕೈ ಹಾಕುವುದಿಲ್ಲ. ಪಾದದ ಅಂಚು ಕಲ್ಲನ್ನು ತಡವುತ್ತಾ ನಿಧಾನವಾಗಿ ಬಿರುಕಿನೊಳಗೆ ಸರಿಯುತ್ತದೆ. ಆಮೇಲೆ ಬುಡ ಕತ್ತಲಲ್ಲಿ, ಬಾಯಿಯ ಸುತ್ತಲಿನ ಬೆರಳಿನಂಥ ಎಳೆಗಳು ಮಾತ್ರ ಬೆಳಕಿಗೆ. ಬೆಳಕೋ ನೀರಿನ ಸೆಳೆತವೋ ಒಗ್ಗದಿದ್ದರೆ ರಾತ್ರೋರಾತ್ರಿ ಹೊರಟುಬಿಡುತ್ತದೆ. ಈ ಓಡಾಟದಲ್ಲೇ ಅಪಾಯ ಇರುವುದು. ಪಂಪಿನ ಬಾಯಿಗೆ ಸಿಕ್ಕರೆ ಚೂರುಚೂರಾಗುತ್ತದೆ, ಜೊತೆಗೆ ಇಡೀ ಟ್ಯಾಂಕಿನ ನೀರು ಕೆಡುತ್ತದೆ. ಅದಕ್ಕೇ ಅನಿಮೋನ್ ತರುವ ಮೊದಲೇ ಎಲ್ಲಾ ಪಂಪ್‌ಗಳಿಗೂ ಸ್ಪಾಂಜ್ ಕಟ್ಟಿ.

ಆಗಾಗ ಗಾಳಿ ಬಿಟ್ಟ ಬಲೂನಿನ ಹಾಗೆ ಕುಗ್ಗಿ, ಕಂದು ಕಸ ಹೊರಹಾಕುತ್ತದೆ. ಗಾಬರಿ ಬೇಡ, ಮತ್ತೆ ಅರಳುತ್ತದೆ. ಆದರೆ ಬಾಯಿ ಜೋತುಬಿದ್ದು, ಮೈ ಕರಗುತ್ತಾ ನಾರತೊಡಗಿದರೆ ತಕ್ಷಣ ತೆಗೆದುಬಿಡಿ.

ವಾರಕ್ಕೊಮ್ಮೆ ಬಟಾಣಿ ಗಾತ್ರದ ಸಿಗಡಿ ಚೂರು ಸಾಕು. ಎಳೆಗಳು ಅದನ್ನು ಹಿಡಿದು ಒಂದೊಂದಾಗಿ ಬಾಯಿಯ ಕಡೆ ಬಾಗುವುದನ್ನು ನೋಡುವುದೇ ನನಗೆ ಖುಷಿ. ಅನಿಮೋನಿನ ಎಳೆಗಳ ನಡುವೆ ವಾಸಿಸುವ ಕ್ಲೌನ್‌ಫಿಶ್ ಮೀನು ಇರಲೇಬೇಕು ಅಂತೇನಿಲ್ಲ. ಅದಿಲ್ಲದೆಯೂ ಟ್ಯಾಂಕಿನಲ್ಲಿ ಅನಿಮೋನ್ ಚೆನ್ನಾಗಿಯೇ ಬದುಕುತ್ತದೆ.

ಚೆನ್ನಾಗಿ ಬೆಳೆದದ್ದು ಉದ್ದಕ್ಕೆ ಸೀಳಿಕೊಂಡು ಎರಡಾಗುವುದೂ ಉಂಟು. ನೀರು ಏರುಪೇರಾದಾಗಲೂ ಹೀಗಾಗಬಹುದು, ಹಾಗಾಗಿ ಆಗ ನೀರಿನ ಪರೀಕ್ಷೆ ಮಾಡಿಬಿಡುತ್ತೇನೆ. ಮರಿಯನ್ನು ಗೆಳೆಯರಿಗೆ ಕೊಡುವಾಗ ಅಂಟಿಕೊಂಡ ಕಲ್ಲಿನ ಸಮೇತ ಕೊಡುತ್ತೇನೆ. ಕಿತ್ತು ಕೊಡಲು ಹೋದರೆ ಪಾದ ಹರಿಯುತ್ತದೆ, ಪಾದ ಹರಿದದ್ದು ಉಳಿಯುವುದು ಕಷ್ಟ.