ಗಂಡಾ ಹೆಣ್ಣಾ ಅಂತ ಕೇಳುವವರ ಮೇಲೆ ಕತೆ ಬರೆಯುವುದು ಹೇಗೆ

ಕನ್ನಡದಲ್ಲಿ ಗಂಡು-ಹೆಣ್ಣಿನ ವಿಷಯಕ್ಕೆ ನಗೆಬರಹ ಅಂದರೆ ಇವತ್ತಿಗೂ ಜಾಸ್ತಿ ಸಿಗುವುದು ಎರಡೇ ಸರಕು. ಒಂದು ಹೆಂಡತಿ ಜೋಕು. ಇನ್ನೊಂದು, ಮೀಸೆ ಬೋಳಿಸಿದ ನಟ ಸೀರೆ ಉಟ್ಟು ಬಂದು ಸೊಂಟ ತಿರುಗಿಸುವುದು, ಜನ ಬಿದ್ದು ಬಿದ್ದು ನಗುವುದು. ಇದನ್ನು ತಮಾಷೆ ಅನ್ನಿ, ಬೇಡ ಅನ್ನಲ್ಲ. ಆದರೆ ವಿಡಂಬನೆ ಅಂತ ಕರೆಯಬೇಡಿ. ವಿಡಂಬನೆ ಓದುವವನಿಗೆ ನಗುತ್ತಾ ನಗುತ್ತಾ ಎಲ್ಲೋ ಒಂದು ಕಡೆ ಚುರ್ ಅನ್ನಬೇಕು. ಅಯ್ಯೋ, ಇದು ನಮ್ಮ ಚಿಕ್ಕಪ್ಪನ ಮಾತು, ಅಥವಾ ಇದು ನನ್ನದೇ ಮಾತು ಅನ್ನಿಸಬೇಕು.

ಹಾಗಾದರೆ ಹೇಗೆ ಬರೆಯುವುದು? ನನ್ನ ಪ್ರಕಾರ ಹಿಡಿಯಬೇಕಾದ ಎಳೆ ಒಂದೇ. ಹುಟ್ಟಿದಾಗ ಬರೆಸಿದ ಲಿಂಗ ತಮ್ಮದಲ್ಲ ಅನ್ನುವ ಟ್ರಾನ್ಸ್ ವ್ಯಕ್ತಿ, ಗಂಡನ್ನೇ ಇಷ್ಟಪಡುವ ಗೇ ಹುಡುಗ, ಮದುವೆಯೇ ಬೇಡ ಅನ್ನುವ ಹುಡುಗಿ, ಇವರಲ್ಲಿ ನಗುವಂಥದ್ದು ವಿಶೇಷವಾಗಿ ಏನೂ ಇಲ್ಲ, ನಮ್ಮ ನಿಮ್ಮಷ್ಟೇ ಇದೆ. ನಗು ತುಂಬಿ ತುಳುಕುವುದು ಇವರನ್ನು ಪ್ರಶ್ನೆ ಕೇಳುವವರಲ್ಲಿ. ಕತೆಯನ್ನು ಆ ಪ್ರಶ್ನೆ ಕೇಳುವವನ ಕೈಗೆ ಕೊಡಿ. ಅವನಿಗೆ ಪೂರ್ತಿ ಮಾತಾಡಲು ಬಿಡಿ. ನೀವು ಮಧ್ಯೆ ಬಾಯಿ ಹಾಕಬೇಡಿ.

ಮೊದಲು ಜಾಗ ಹುಡುಕಿ

ಪಾತ್ರ ಆಮೇಲೆ. ಒಬ್ಬರನ್ನು 'ನೀವು ಗಂಡಾ, ಹೆಣ್ಣಾ' ಅಂತ ಕೇಳಲೇಬೇಕಾದ ಜಾಗಗಳು ನಮ್ಮಲ್ಲಿ ಎಷ್ಟಿವೆ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ರೇಷನ್ ಕಾರ್ಡ್ ಅರ್ಜಿ. ಸರ್ಕಾರಿ ಆಸ್ಪತ್ರೆ ವಾರ್ಡು. ಬಸ್ ಸ್ಟ್ಯಾಂಡಿನ ಶೌಚಾಲಯದ ಮುಂದೆ ಚಿಲ್ಲರೆ ಇಟ್ಟುಕೊಂಡು ಕೂತವನು. ಹಾಸ್ಟೆಲ್ ವಾರ್ಡನ್. ಮದುವೆ ಬ್ರೋಕರ್. ಮಾಲ್ ಬಾಗಿಲಲ್ಲಿ ಹೆಂಗಸರ ತಪಾಸಣೆಗೆ ಕಟ್ಟಿದ ಪರದೆ. ಜಾಗ ಸಿಕ್ಕಿದರೆ ಪಾತ್ರಕ್ಕೆ ಹುಡುಕಾಡಬೇಕಿಲ್ಲ, ಅಲ್ಲಿ ಆಗಲೇ ಒಬ್ಬ ಮೇಜಿನ ಹಿಂದೆ ಕೂತಿರುತ್ತಾನೆ.

ಸರ್ಕಾರಿ ಕಚೇರಿ ಆರಿಸಿಕೊಂಡರೆ ಸ್ವಲ್ಪ ಕಾನೂನು ಓದಿಕೊಳ್ಳಿ. ನೀವು ತಲೆ ಕೆರೆದುಕೊಂಡು ಕಲ್ಪಿಸುವುದಕ್ಕಿಂತ ಚೆನ್ನಾಗಿರುವ ಸಾಮಾನು ಅಲ್ಲಿದೆ. 2014ರ ಏಪ್ರಿಲ್‌ನಲ್ಲಿ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಹೂಡಿದ್ದ ಟ್ರಾನ್ಸ್ ವ್ಯಕ್ತಿಗಳ ಹಕ್ಕಿನ ಪ್ರಕರಣದ ತೀರ್ಪು ಕೊಡುತ್ತಾ ಸುಪ್ರೀಂ ಕೋರ್ಟು, ನೀವು ಯಾರು ಅಂತ ಹೇಳುವ ಹಕ್ಕು ನಿಮ್ಮದೇ, ಅದಕ್ಕೆ ಆಪರೇಷನ್ ಆಗಿರಲೇಬೇಕು ಅಂತ ಯಾರೂ ಹಟ ಹಿಡಿಯುವಂತಿಲ್ಲ ಅಂದಿತು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆ ಬಂದು, ಸರಿ, ನೀವೇ ಹೇಳಿ, ಆದರೆ ಜಿಲ್ಲಾ ಮ್ಯಾಜಿಸ್ಟ್ರೇಟರಿಂದ, ನಮ್ಮಲ್ಲಿ ಡಿಸಿ ಅನ್ನುತ್ತೇವಲ್ಲ ಅವರಿಂದ, ಒಂದು ಪ್ರಮಾಣಪತ್ರ ತನ್ನಿ ಅಂದಿತು. ಅಂದರೆ ನಾನು ಯಾರು ಅಂತ ನನಗೆ ಗೊತ್ತಾಗಿದೆ, ಡಿಸಿ ಸಾಹೇಬರಿಗೆ ಗೊತ್ತಾಗುವವರೆಗೆ ಕಾಯಬೇಕು, ಅಷ್ಟೆ.

ಇನ್ನೂ ಬೇಕಾ? 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಾಗ ಹಿಜಡಾಗಳ ಹೆಸರನ್ನೂ ಪಟ್ಟಿ ಮಾಡಿಡಲು ಹೇಳಿದ್ದರು. ಬ್ರಿಟಿಷರು ಹೋದರು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅಂತ ಒಂದು ಕಲಮು ಸೇರಿತು, ಅದೂ ಹೆಚ್ಚುಕಡಿಮೆ ಅದೇ ಧಾಟಿಯಲ್ಲಿ ರಿಜಿಸ್ಟರ್ ಇಡುವ ಮಾತಾಡಿತು. 2021ರಲ್ಲಿ ಇದೇ ಕರ್ನಾಟಕ ಸರ್ಕಾರಿ ಕೆಲಸದಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ, ಅಂದರೆ ಟ್ರಾನ್ಸ್ ವ್ಯಕ್ತಿಗಳಿಗೆ, ಶೇ 1ರಷ್ಟು ಮೀಸಲಾತಿ ಕೊಟ್ಟಿತು, ಅದೂ ದೇಶದಲ್ಲೇ ಮೊದಲು. ಈಗ ಒಬ್ಬ ಗುಮಾಸ್ತನನ್ನು ಕೂರಿಸಿ. ಅವನ ಮುಂದೆ ಎರಡು ರಿಜಿಸ್ಟರು. ಒಂದರಲ್ಲಿ ಕಣ್ಣಿಡಬೇಕಾದವರು, ಇನ್ನೊಂದರಲ್ಲಿ ಕೆಲಸ ಕೊಡಬೇಕಾದವರು. ಎರಡರಲ್ಲೂ ಅದೇ ಹೆಸರು. ಕೆಲಸ ಕೊಡಬೇಕು ಅಂದರೆ ಪೊಲೀಸ್ ವೆರಿಫಿಕೇಷನ್ ಆಗಬೇಕು, ವೆರಿಫಿಕೇಷನ್‌ಗೆ ಮೊದಲನೇ ರಿಜಿಸ್ಟರ್ ತೆಗೆಯಬೇಕು. ಗುಮಾಸ್ತ ಏನು ಮಾಡುತ್ತಾನೆ? ಕತೆ ಅಲ್ಲಿಂದ ನೀವು ಬರೆದುಕೊಳ್ಳಿ, ನಾನು ಬೇರೊಂದನ್ನು ಕಟ್ಟಿ ತೋರಿಸುತ್ತೇನೆ.

ಒಂದು ಬಸ್ಸಿನ ಕತೆ

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಸರ್ಕಾರಿ ಬಸ್ಸಲ್ಲಿ ರಾಜ್ಯದ ಹೆಂಗಸರಿಗೆ ಫ್ರೀ, ಲಿಂಗತ್ವ ಅಲ್ಪಸಂಖ್ಯಾತರಿಗೂ ಫ್ರೀ. ಗುರುತಿನ ಚೀಟಿ ತೋರಿಸಬೇಕು, ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡಬೇಕು. ಅಂದರೆ ಒಂದೇ ದಿನದಲ್ಲಿ ರಾಜ್ಯದ ಅಷ್ಟೂ ಕಂಡಕ್ಟರುಗಳ ಕೈಗೆ, ಚಿಲ್ಲರೆ ಜೊತೆಗೆ, ಯಾರು ಗಂಡು ಯಾರು ಹೆಣ್ಣು ಅಂತ ತೀರ್ಮಾನ ಮಾಡುವ ಕೆಲಸವೂ ಬಂತು. ಇದಕ್ಕಿಂತ ಒಳ್ಳೆ ಜಾಗ ಯಾವ ಕತೆಗಾರನಿಗೆ ಬೇಕು ಹೇಳಿ.

ತುಮಕೂರಿನಿಂದ ಮಧುಗಿರಿಗೆ ಹೋಗುವ ಬಸ್ಸು ಅಂದುಕೊಳ್ಳಿ. ಸೀರೆ ಉಟ್ಟ ಒಬ್ಬರು ಹತ್ತುತ್ತಾರೆ. ಗಲ್ಲದ ಮೇಲೆ ಬೆಳಗಿನ ಶೇವಿಂಗ್‌ನ ಹಸಿರು. ಆಧಾರ್‌ನಲ್ಲಿ ಹಳೇ ಹೆಸರು, ಹಳೇ ಫೋಟೋ. ಡಿಸಿ ಆಫೀಸಿನ ಪ್ರಮಾಣಪತ್ರ ಇನ್ನೂ ಬಂದಿಲ್ಲ. ಇಲ್ಲಿ ಹೊಸಬರು ಮಾಡುವ ಕೆಲಸ ಏನಂದರೆ ಕಂಡಕ್ಟರನ್ನು ರಾಕ್ಷಸ ಮಾಡುವುದು. ಬೇಡ. ಅವನು ಒಳ್ಳೆಯವನೇ ಇರಲಿ. ಅವನಿಗೆ ಇರುವುದು ದ್ವೇಷ ಅಲ್ಲ, ಚೆಕಿಂಗ್‌ನವರ ಭಯ. ಫ್ರೀ ಕೊಡಬಾರದವರಿಗೆ ಕೊಟ್ಟ ಅಂತ ಮೆಮೊ ಬಂದರೆ ಯಾರು ಉತ್ತರ ಕೊಡುತ್ತಾರೆ? ಅವನು ಮೆಲ್ಲಗೆ, ಮರ್ಯಾದೆಯಿಂದಲೇ, 'ಮೇಡಂ... ಸಾರ್... ನೀವು ಯಾವುದ್ರಲ್ಲಿ ಬರ್ತೀರಾ?' ಅನ್ನುತ್ತಾನೆ.

ಆಗ ಇಡೀ ಬಸ್ಸು ಎದ್ದು ಕೂರುತ್ತದೆ. ಮುಂದಿನ ಸೀಟಿನ ಅಜ್ಜಿ, 'ಕೈತುಂಬ ಬಳೆ ಅವೆ, ಹೆಣ್ಣೇ ಕಣಪ್ಪ' ಅನ್ನುತ್ತಾಳೆ. ಕಂಡಕ್ಟರ್, 'ಬಳೆ ಇದ್ರೆ ಹೆಣ್ಣು ಅನ್ನೋದಾದ್ರೆ ನಿಮ್ಮ ಸೊಸೆಗೆ ಟಿಕೆಟ್ ಹರೀಲಾ ಅಜ್ಜಿ?' ಅನ್ನುತ್ತಾನೆ. ಜೀನ್ಸ್, ಕತ್ತರಿಸಿದ ಕೂದಲು, ಬೋಳು ಕೈಯ ಸೊಸೆ ಈಗ ತಾನು ಹೆಣ್ಣು ಅಂತ ಸಾಬೀತು ಮಾಡಬೇಕು, ಅವಳ ಆಧಾರ್ ಇರುವುದು ಗಂಡನ ಜೇಬಲ್ಲಿ, ಗಂಡ ಇರುವುದು ಪಾವಗಡದಲ್ಲಿ. ಇನ್ನೊಬ್ಬರು ದನಿ ಮೇಲೆ ತೀರ್ಮಾನ ಮಾಡೋಣ ಅನ್ನುತ್ತಾರೆ. ಅಷ್ಟರಲ್ಲಿ ಗಂಟಲು ಕೆಟ್ಟ ಟೀಚರಮ್ಮ ಒಬ್ಬರು ಬಾಯಿ ಮುಚ್ಚಿಕೊಳ್ಳುತ್ತಾರೆ. ಕಾಲೇಜು ಹುಡುಗನೊಬ್ಬ ಮೊಬೈಲಲ್ಲಿ ಕಾಯ್ದೆ ಓದುತ್ತಾನೆ. ಹೆಣ್ಣಾ, ಇಲ್ಲಾ ಲಿಂಗತ್ವ ಅಲ್ಪಸಂಖ್ಯಾತರಾ ಅಂತ ಎರಡು ಗುಂಪಾಗಿ ಕೊರಟಗೆರೆವರೆಗೂ ಜಗಳ ನಡೆಯುತ್ತದೆ.

ಈಗ ಗಮನಿಸಿ, ಎರಡರಲ್ಲಿ ಯಾವುದಾದರೂ ಟಿಕೆಟ್ ಸೊನ್ನೆ ರೂಪಾಯಿಯೇ! ಇದನ್ನು ಕತೆಯಲ್ಲಿ ಯಾರೂ ಹೇಳಕೂಡದು, ನೀವಂತೂ ಹೇಳಲೇಕೂಡದು. ಓದುವವನಿಗೆ ತಾನಾಗಿ ಹೊಳೆಯಬೇಕು. ಮತ್ತೆ ಆ ಸೀರೆಯವರು? ಅವರು ಹತ್ತಿದಾಗಿನಿಂದ ನೂರರ ನೋಟು ಹಿಡಿದುಕೊಂಡು, 'ಅಣ್ಣಾ, ದುಡ್ಡು ತಗೊಂಡು ಒಂದು ಮಧುಗಿರಿ ಕೊಡಿ' ಅನ್ನುತ್ತಲೇ ಇದ್ದಾರೆ. ಯಾರೂ ಕೇಳಿಸಿಕೊಳ್ಳುತ್ತಿಲ್ಲ. ಅವರಿಗೆ ಕತೆಯಲ್ಲಿ ಈ ಒಂದು ಸಾಲಿಗಿಂತ ಜಾಸ್ತಿ ಮಾತು ಕೊಡಬೇಡಿ. ಒಂದು ಪುಟದ ಭಾಷಣ ಕೊಟ್ಟಿರೋ, ಕತೆ ಕೆಟ್ಟಿತು.

ಮೋಸ ಮಾಡುವ ಕ್ರಿಯಾಪದ

ಕನ್ನಡದಲ್ಲಿ ಬರೆಯುವಾಗ ಒಂದು ಕಷ್ಟ ಇದೆ. ಬಂದ, ಬಂದಳು, ಬಂತು ಅಂತ ಬರೆದ ತಕ್ಷಣ ನೀವೇ ಕಂಡಕ್ಟರ್ ಆಗಿಬಿಡುತ್ತೀರಿ, ತೀರ್ಪು ಕೊಟ್ಟಾಯಿತು. ದಾರಿ ಏನು? ನಿರೂಪಣೆಯಲ್ಲಿ ಬಹುವಚನ ಹಿಡಿಯಿರಿ, 'ಅವರು ಬಂದರು' ಅನ್ನಿ. ಮರ್ಯಾದೆಯೂ ಆಯಿತು, ಗುಟ್ಟೂ ಉಳಿಯಿತು. 'ನಾನು ಬಂದೆ', 'ನೀನು ಬಂದೆ' ಇವಕ್ಕೆ ಲಿಂಗವೇ ಇಲ್ಲ. ಅದಕ್ಕೇ 'ನಾನು' ಅಂತ ಹೇಳುವ ಕತೆಯಲ್ಲಿ ಕೊನೇ ತನಕ ಹೇಳುವವರು ಯಾರು ಅಂತ ಬಿಟ್ಟುಕೊಡದೆ ಓದುಗನನ್ನು ಪೇಚಿಗೆ ಸಿಕ್ಕಿಸಬಹುದು.

ಪಾತ್ರಗಳ ಬಾಯಲ್ಲಿ ಮಾತ್ರ ಎಷ್ಟು ಬೇಕಾದರೂ ಎಡವಿಸಿ. ಒಂದೇ ವಾಕ್ಯದಲ್ಲಿ 'ಅವನು ಬಂದ್ಲು' ಅಂತ ತೊದಲುವ ಮಾವ, ಸುಲಭ ಅಂತ ಎಲ್ಲರಿಗೂ ಬಹುವಚನ ಹಾಕಿ ಕೊನೆಗೆ ಮನೆ ನಾಯಿಗೂ 'ಬಂದ್ರಾ, ಊಟ ಮಾಡಿದ್ರಾ' ಅನ್ನುವ ಅತ್ತೆ. ಶಿರಸಿ ಕಡೆಯದೋ ಸಾಗರದ ಕಡೆಯದೋ ಹವ್ಯಕರ ಮನೆ ತಂದರೆ ಇನ್ನೂ ಮಜಾ, ಅಲ್ಲಿ ಹೆಣ್ಣುಮಕ್ಕಳಿಗೆ 'ಅದು ಬಂತು' ಅನ್ನುವುದು ಮಾಮೂಲು. 'ಈಗಿನ ಕಾಲದೋರಿಗೆ ಗಂಡು ಹೆಣ್ಣು ಎರಡೂ ಸಾಕಾಗಲ್ಲ' ಅಂತ ಗೊಣಗುವ ಅಜ್ಜ, ಅದೇ ಉಸಿರಲ್ಲಿ ಹೆಂಡತಿಯನ್ನು ನಪುಂಸಕಲಿಂಗದಲ್ಲಿ ಕರೆದು ಕಾಫಿ ಕೇಳಲಿ.

ಬೈಗುಳದ ವಿಷಯ. ಪಾತ್ರ ಕೆಟ್ಟದು ಅಂತ ತೋರಿಸಲು 'ಒಂಬತ್ತು', 'ಚಕ್ಕಾ' ಅಂತ ಬೈಸುವುದು ಸೋಮಾರಿ ಕೆಲಸ. ಹಾಗೆ ಬೈಯುವವನನ್ನು ನೋಡಿ ಓದುಗ, ನಾನು ಇವನಂಥವನಲ್ಲ ಅಂತ ಆರಾಮಾಗಿ ಕಾಲು ಚಾಚಿಕೊಳ್ಳುತ್ತಾನೆ. 'ಇಂಥವರ ಬಗ್ಗೆ ನನಗೆ ತುಂಬಾ ಗೌರವ' ಅನ್ನುವವನನ್ನು ಹಿಡಿಯಿರಿ. ಆ 'ಇಂಥವರ'ದಲ್ಲಿ ಒಂದು ಇಡೀ ಕತೆ ಇದೆ. 'ನನಗೇನೂ ಅಭ್ಯಂತರ ಇಲ್ಲಪ್ಪ, ಜನ ಏನಂತಾರೆ ಅಂತ' ಅನ್ನುವವರು, '2018ರಲ್ಲಿ ಕೋರ್ಟೇ ಸಲಿಂಗ ಸಂಬಂಧ ತಪ್ಪಲ್ಲ ಅಂದಿದೆ, ನಮ್ಮನೇಲಿ ಮಾತ್ರ ಬೇಡ' ಅನ್ನುವವರು, ಇವರೆಲ್ಲ ನಿಮ್ಮ ಮುಖ್ಯ ಪಾತ್ರಗಳು.

ಸುಮ್ನೆ ಸಂತರನ್ನು ಮಾಡಬೇಡಿ

ಅತ್ತ ಕಡೆ ಗೇ ಹುಡುಗನನ್ನು ಕಣ್ಣೀರು ಸುರಿಸುವ ದೇವರನ್ನಾಗಿ ಮಾಡಿದರೂ ಕತೆ ಸತ್ತಂತೆ. ಅವನಿಗೂ ಜಿಪುಣತನ ಇರಲಿ, ಜಾತಿ ಅಭಿಮಾನ ಇರಲಿ, ಅಪಾರ್ಟ್‌ಮೆಂಟ್ ಸಂಘದಲ್ಲಿ ಕೆಲಸದವರಿಗೆ ಬೇರೆ ಲಿಫ್ಟ್ ಬೇಕು ಅಂತ ವಾದ ಮಾಡುವವನೂ ಅವನೇ ಆಗಿರಲಿ. 2015ರಲ್ಲಿ ಮುಂಬೈನ ತಾಯಿಯೊಬ್ಬರು ತಮ್ಮ ಮಗನಿಗೆ ವರ ಬೇಕು ಅಂತ ಪೇಪರಿನಲ್ಲಿ ಜಾಹೀರಾತು ಕೊಟ್ಟರು. ದೊಡ್ಡ ಧೈರ್ಯದ ಕೆಲಸ. ಅದರಲ್ಲಿ ಜಾತಿ ಅಡ್ಡಿಯಿಲ್ಲ ಅಂತಲೂ ಇತ್ತು, ಅಯ್ಯರ್ ಆದರೆ ಒಳ್ಳೆಯದು ಅಂತಲೂ ಇತ್ತು. ಇಂಥದ್ದನ್ನು ನೀವು ಕಲ್ಪಿಸಿ ಬರೆದಿದ್ದರೆ ಸ್ವಲ್ಪ ಅತಿಯಾಯ್ತು ಅನ್ನುತ್ತಿದ್ದರು. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಸಲಿಂಗ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲವಲ್ಲ, ಆ ದಿನ ಎಲ್ಲರಿಗಿಂತ ಜಾಸ್ತಿ ಬೇಜಾರಾದವನು ಒಬ್ಬ ಮದುವೆ ಬ್ರೋಕರ್ ಅಂತ ಬರೆಯಿರಿ. ಎರಡು ಕಡೆಯಿಂದಲೂ ಗಂಡಿನ ಕಡೆ ಕಮಿಷನ್ ಬರುತ್ತಿತ್ತು, ಹೋಯಿತು.

ಲಿಂಗ ಅದಲು ಬದಲು ಮಾಡಿ ಬರೆಯುವ ಕತೆ, ಅಂದರೆ ಹುಡುಗಿ ಮನೆಯವರು ಗಂಡು ನೋಡಲು ಬಂದರು, ಹುಡುಗ ತಲೆ ಬಗ್ಗಿಸಿ ಕೇಸರಿಬಾತ್ ತಂದ, ಇದು ಒಂದು ಪುಟಕ್ಕೆ ಸರಿ. ಎರಡನೇ ಪುಟಕ್ಕೆ ಆಕಳಿಕೆ.

ಇನ್ನು ನಮ್ಮ ಇಬ್ಬಗೆಯ ಬುದ್ಧಿ. ಇದಕ್ಕೆ ವಸ್ತು ಸಾಲು ಸಾಲಾಗಿ ಬಿದ್ದಿದೆ. ರಾತ್ರಿಯಿಡೀ ಯಕ್ಷಗಾನದ ಮುಂದಿನ ಸಾಲಲ್ಲಿ ಕೂತು ಸ್ತ್ರೀವೇಷದವರ ನಡಿಗೆಗೆ ತಲೆದೂಗಿ, ಬೆಳಿಗ್ಗೆ ಮನೆಗೆ ಬಂದು ಮಗನಿಗೆ 'ನೆಟ್ಟಗೆ ನಡಿಯೋ, ಹೆಣ್ಣಿಗನ ಹಾಗೆ ನಡೀಬೇಡ' ಅನ್ನುವ ಯಜಮಾನರು. 2021ರ ನವೆಂಬರಿನಲ್ಲಿ ಟ್ರಾನ್ಸ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಪದ್ಮಶ್ರೀ ತೆಗೆದುಕೊಳ್ಳುವ ಮುಂಚೆ ಸೆರಗಿನಿಂದ ರಾಷ್ಟ್ರಪತಿಗೆ ದೃಷ್ಟಿ ತೆಗೆದರು, ಆ ವಿಡಿಯೊ ನೋಡಿ ನಾವೆಲ್ಲ ಎಷ್ಟು ಹೆಮ್ಮೆಪಟ್ಟೆವು! ಕಾರಲ್ಲಿ ಕೂತು ಆ ವಿಡಿಯೊ ಫ್ಯಾಮಿಲಿ ಗ್ರೂಪಿಗೆ ಕಳಿಸುತ್ತಿರುವವನ ಕಿಟಕಿಯನ್ನು ಸಿಗ್ನಲ್‌ನಲ್ಲಿ ಒಬ್ಬರು ತಟ್ಟುತ್ತಾರೆ. ಒಂದು ಕೈಯಲ್ಲಿ ಕಳಿಸುತ್ತಾ ಇನ್ನೊಂದು ಕೈಯಲ್ಲಿ ಗ್ಲಾಸ್ ಏರಿಸುತ್ತಾನೆ. ಎರಡು ನಿಮಿಷದ ಸಿಗ್ನಲ್, ಒಂದು ಚಿಕ್ಕ ಕತೆಗೆ ಸಾಕು. ಬೆಂಗಳೂರಿನ ಕಂಪನಿಗಳನ್ನೂ ಬಿಡಬೇಡಿ. ಲೈಂಗಿಕ ಅಲ್ಪಸಂಖ್ಯಾತರ 'ಪ್ರೈಡ್' ತಿಂಗಳು ಅಂತ ಜೂನ್ ಬಂದರೆ ಲೋಗೊಗೆ ಕಾಮನಬಿಲ್ಲು ಬಳಿಯುತ್ತವೆ. ಊರಿನ ಪ್ರೈಡ್ ಮೆರವಣಿಗೆ ಸಾಮಾನ್ಯವಾಗಿ ನಡೆಯುವುದು ನವೆಂಬರಿನಲ್ಲಿ, ಅಷ್ಟೊತ್ತಿಗೆ ಬಣ್ಣದ ಬಜೆಟ್ ಮುಗಿದಿರುತ್ತದೆ ಅಂತ ಎಚ್‌ಆರ್ ಹತ್ತಿರ ಹೇಳಿಸಿ.

ಬೇಡದ್ದು ಏನೇನು ಅಂತ ಬೇಗ ಹೇಳಿಬಿಡುತ್ತೇನೆ. ಅರ್ಧನಾರೀಶ್ವರ, ಶಿಖಂಡಿ, ಬೃಹನ್ನಳೆ ಮೂವರಿಗೂ ರಜೆ ಕೊಡಿ, ಪಾಪ ಎಲ್ಲ ಕತೆಯಲ್ಲೂ ದುಡಿದು ದಣಿದಿದ್ದಾರೆ. ಕೊನೇ ಸಾಲಲ್ಲಿ 'ಅವಳು ಅವನಾಗಿದ್ದಳು' ಅಂತ ಬಾಂಬ್ ಹಾಕುವುದು ಬೇಡ, ಒಬ್ಬರ ಬದುಕು ಯಾರದೋ ಕತೆಗೆ ಟ್ವಿಸ್ಟ್ ಅಲ್ಲ. ಆಪರೇಷನ್ ಆಯ್ತಾ ಇಲ್ವಾ ಅನ್ನುವ ಕುತೂಹಲ ನಿಮ್ಮ ಪಾತ್ರಗಳಿಗೆ ಇರಲಿ, ನಿಮಗೆ ಬೇಡ.

ಬರೆದಾದ ಮೇಲೆ ಆ ಬದುಕು ಬದುಕುತ್ತಿರುವ ಒಬ್ಬರಿಗೆ ಓದಲು ಕೊಡಿ. ಸಮಯ ತಗೊಂಡರೆ ದುಡ್ಡೂ ಕೊಡಿ, ಬರೀ ಟೀ ಕುಡಿಸಿ ಕಳಿಸಬೇಡಿ. ಅವರು ಎಲ್ಲಿ ನಕ್ಕರು ಅಂತ ನೋಡುವುದಕ್ಕಿಂತ ಎಲ್ಲಿ ನೀವು ನಕ್ಕು ಅವರು ನಗಲಿಲ್ಲ ಅಂತ ನೋಡಿ, ಆ ಸಾಲು ಕಿತ್ತುಹಾಕಿ. ಹಾಗೇ ಬೇರೆ ಯಾರಿಗೂ ತೋರಿಸದೆ ನಿಮ್ಮ ಚಿಕ್ಕಪ್ಪನಿಗೂ ಒಂದು ಪ್ರತಿ ಕಳಿಸಿ. ಮೇಲೆ 'ಬರೀ ತಮಾಷೆಗಾಗಿ, ಯಾರ ಮನಸ್ಸನ್ನೂ ನೋಯಿಸುವ ಉದ್ದೇಶವಿಲ್ಲ' ಅಂತ ಹಾಕಬೇಡಿ, ಚಿಕ್ಕಪ್ಪನ ಮನಸ್ಸು ಸ್ವಲ್ಪ ನೋಯಲಿ ಅಂತ ತಾನೇ ಬರೆದಿದ್ದು. ಅವರು ಓದಿ 'ಇದೆಲ್ಲ ನಮ್ಮ ಸಂಸ್ಕೃತಿ ಅಲ್ಲ' ಅಂತ ಉದ್ದಕ್ಕೆ ಮೆಸೇಜ್ ಹಾಕಿದರೆ ವಾದಕ್ಕೆ ಇಳಿಯಬೇಡಿ. ಅಕ್ಷರ ಬಿಡದೆ ಕಾಪಿ ಮಾಡಿ ಇಟ್ಟುಕೊಳ್ಳಿ, ಮುಂದಿನ ಕತೆಯ ಡೈಲಾಗು ಅದರಲ್ಲೇ ಇರುತ್ತದೆ.