ಹಳೆಯ ಸ್ಮರಣಪದಕದ ಕಾಲವನ್ನು ಗುರುತಿಸುವ ಬಗೆ
ಚಿಕ್ಕಮಗಳೂರಿನ ತೋಟದ ಮನೆಯ ಪೆಟ್ಟಿಗೆಯಲ್ಲಿ ಹಳೆಯ ಪದಕ ಸಿಕ್ಕರೆ, ಹೊಳಪು ಬರಲೆಂದು ಹುಣಸೆಹಣ್ಣು ಹಚ್ಚಿ ಉಜ್ಜಬಾರದು. ಅಕ್ಷರಗಳ ಅಂಚು ಸವೆದರೆ ಅರ್ಧ ಸಾಕ್ಷ್ಯವೇ ಹೋದಂತೆ. ದೀಪವನ್ನು ಓರೆಯಾಗಿಟ್ಟು, ಭೂತಗನ್ನಡಿಯಲ್ಲಿ ಎರಡೂ ಬದಿಗಳನ್ನು ನೋಡಬೇಕು. ಒಂದು ಬದಿಯಲ್ಲಿ ಕಿರೀಟಧಾರಿ ರಾಜ-ರಾಣಿಯರ ಜೋಡಿಮುಖ, ಇನ್ನೊಂದರಲ್ಲಿ ಪಾರಸಿ ಬರಹವಿದ್ದು, ಅಗಲ ಸುಮಾರು 38 ಮಿಲಿಮೀಟರ್ ಇದ್ದರೆ ಅದು 1911ರ ದೆಹಲಿ ದರ್ಬಾರಿನದು, ಅಂದರೆ ಬ್ರಿಟಿಷ್ ದೊರೆ ಐದನೆಯ ಜಾರ್ಜ್ ಪಟ್ಟಾಭಿಷೇಕದ ಸಲುವಾಗಿ ನಡೆದ ರಾಜಸಭೆಯದು. ಪದಕವನ್ನು ತೂಗುಹಾಕುವ ಕಡುನೀಲಿ ಬಟ್ಟೆಪಟ್ಟಿಯ ನಡುವೆ ಎರಡು ಕೆಂಪು ಗೆರೆಗಳಿರುತ್ತವೆ. ಅದೇ ಜೋಡಿಮುಖದ ಹಿಂಬದಿಯಲ್ಲಿ 1910 ಮತ್ತು 1935 ಎರಡೂ ಇದ್ದರೆ ಅದು ಐದನೆಯ ಜಾರ್ಜ್ ದೊರೆಯ ಬೆಳ್ಳಿಹಬ್ಬದ ಪದಕ. 1910 ಅವನು ಪಟ್ಟಕ್ಕೆ ಬಂದ ವರ್ಷವಷ್ಟೆ, ಹಲವರು ಎಡವುವುದು ಇಲ್ಲಿಯೇ. ಗಂಡಭೇರುಂಡ ಕಂಡರೆ ಮೈಸೂರು ಸಂಸ್ಥಾನದ ಕಡೆ ಹುಡುಕಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ ರಜತೋತ್ಸವ ನಡೆದದ್ದು 1927ರಲ್ಲಿ.